ಒಂದು ಸೆಂಟಿಮೀಟರಿನ ಆಧಾರರೇಖೆ: ಫೋನಿನ ಜೋಡಿ ಕ್ಯಾಮೆರಾಗಳಲ್ಲಿ ಜೂಮ್ ಮತ್ತು ಆಳ

1. ಪ್ರಶ್ನೆ

ಮೊಬೈಲ್ ಫೋನಿನ ಬೆನ್ನಿಗೆ ಎರಡೋ ಮೂರೋ ಕ್ಯಾಮೆರಾಗಳಿರುವುದು ಈಗ ಸಾಮಾನ್ಯ ಸಂಗತಿ. ನಾವು ಗುಂಡಿ ಒತ್ತುವುದು ಒಮ್ಮೆ, ಕೈಗೆ ಬರುವುದು ಒಂದು ಚಿತ್ರ. ಆ ಒಂದು ಚಿತ್ರದೊಳಗೆ ಎರಡು ಕ್ಯಾಮೆರಾಗಳ ಪಾಲು ಬೆರೆತಿರಬಹುದು. ಹೀಗೆ ಬೆರೆಸುವುದಕ್ಕೆ ಮುಖ್ಯ ಉದ್ದೇಶಗಳು ಎರಡು. ದೂರದ್ದನ್ನು ಹತ್ತಿರ ತರುವ ಜೂಮ್ ಒಂದು. ಯಾವ ವಸ್ತು ಎಷ್ಟು ದೂರದಲ್ಲಿದೆ ಎಂಬ ಆಳದ ಲೆಕ್ಕ ಇನ್ನೊಂದು. ಮುಖ ಸ್ಪಷ್ಟವಾಗಿದ್ದು ಹಿನ್ನೆಲೆ ಮಸುಕಾಗುವ ಪೋರ್ಟ್ರೇಟ್ ಚಿತ್ರಗಳಿಗೆ ಈ ಎರಡನೆಯ ಲೆಕ್ಕವೇ ಬುನಾದಿ.

ಎರಡೂ ಕೆಲಸಗಳನ್ನು ಒಂದೇ ಜೋಡಿ ಕ್ಯಾಮೆರಾ ಮಾಡುವುದರಿಂದ ಅವು ಒಂದಕ್ಕೊಂದು ಪೂರಕ ಎಂದು ತೋರುತ್ತದೆ. ಲೆಕ್ಕ ಹಾಕಿ ನೋಡಿದರೆ ಹಾಗಿಲ್ಲ. ಎರಡು ಕ್ಯಾಮೆರಾಗಳು ಅಕ್ಕಪಕ್ಕದ ಎರಡು ಜಾಗಗಳಿಂದ ನೋಡುವ ಕಾರಣ ಒಂದೇ ವಸ್ತು ಎರಡು ಚಿತ್ರಗಳಲ್ಲಿ ಬೇರೆ ಬೇರೆ ಕಡೆ ಬೀಳುತ್ತದೆ. ಈ ಪಲ್ಲಟ ಆಳದ ಲೆಕ್ಕಕ್ಕೆ ಏಕೈಕ ಸಾಕ್ಷ್ಯ. ಜೂಮಿಗೆ ಅದೇ ಪಲ್ಲಟ ಅಳಿಸಿಹಾಕಬೇಕಾದ ದೋಷ. ಒಂದಕ್ಕೆ ಕ್ಯಾಮೆರಾಗಳು ದೂರವಿದ್ದಷ್ಟೂ ಒಳ್ಳೆಯದು, ಇನ್ನೊಂದಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು. ಈ ಎಳೆದಾಟದ ಪರಿಣಾಮಗಳು ಚಿತ್ರದ ಯಾವ ಜಾಗದಲ್ಲಿ ಕಾಣಿಸುತ್ತವೆ, ಫೋನಿನ ಚಿತ್ರವನ್ನು ದಾಖಲೆಯಾಗಿ ಬಳಸುವವರು, ವಿಶೇಷವಾಗಿ ಶಾಸನ ಮತ್ತು ವೀರಗಲ್ಲುಗಳ ಕ್ಷೇತ್ರಕಾರ್ಯ ಮಾಡುವವರು, ಏನನ್ನು ಗಮನಿಸಬೇಕು ಎಂಬುದನ್ನು ಈ ಟಿಪ್ಪಣಿ ಪರಿಶೀಲಿಸುತ್ತದೆ.

2. ಹಿನ್ನೆಲೆ

ಎರಡು ನೋಟಗಳಿಂದ ಆಳ ತಿಳಿಯುವ ವಿದ್ಯೆ ಫೋನಿಗಿಂತ ಬಹಳ ಹಳೆಯದು. ಎಡಗಣ್ಣಿಗೂ ಬಲಗಣ್ಣಿಗೂ ಬೇರೆ ಬೇರೆ ಚಿತ್ರ ತೋರಿಸಿದರೆ ಮನಸ್ಸು ಅವೆರಡನ್ನೂ ಕೂಡಿಸಿ ಘನಾಕಾರವನ್ನು ಕಾಣುತ್ತದೆ ಎಂದು ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಸಲ್ಲಿಸಿದ ಪ್ರಬಂಧದಲ್ಲಿ ತೋರಿಸಿಕೊಟ್ಟ. ಅವನ ಸ್ಟೀರಿಯೋಸ್ಕೋಪ್ ಹುಟ್ಟಿದ್ದು ಆ ಶೋಧದಿಂದ. ಭೂಮಾಪನದಲ್ಲಿ ಈ ತತ್ವ ಇನ್ನೂ ಮೊದಲೇ ಬಳಕೆಯಲ್ಲಿತ್ತು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸುಮಾರು 12 ಕಿ.ಮೀ. ಉದ್ದದ ಆಧಾರರೇಖೆಯನ್ನು ಸರಪಳಿಯಿಂದ ಅಳೆದ. ಒಂದು ಬದಿಯ ಉದ್ದವೂ ಅದರ ಎರಡು ತುದಿಗಳ ಕೋನಗಳೂ ಗೊತ್ತಾದರೆ ಮೂರನೆಯ ಬಿಂದುವಿನ ದೂರ ಲೆಕ್ಕಕ್ಕೆ ಸಿಗುತ್ತದೆ. ಫೋನು ಮಾಡುವುದೂ ಈ ತ್ರಿಕೋನದ ಲೆಕ್ಕವನ್ನೇ. ಅದರ ಆಧಾರರೇಖೆ ಮಾತ್ರ ಒಂದು ಸೆಂಟಿಮೀಟರಿನ ಆಸುಪಾಸು.

ಫೋನುಗಳಿಗೆ ಈ ವಿದ್ಯೆ ಬಂದದ್ದು ಹಂತ ಹಂತವಾಗಿ. 2014ರ ಎಚ್‌ಟಿಸಿ ಒನ್ ಎಂ8 ಆಳದ ಅಂದಾಜಿಗೆಂದೇ ಎರಡನೆಯ ಕ್ಯಾಮೆರಾ ಇಟ್ಟುಕೊಂಡಿತ್ತು. 2016ರ ಹುವಾವೆ ಪಿ9 ಬಣ್ಣದ ಕ್ಯಾಮೆರಾದ ಪಕ್ಕದಲ್ಲಿ ಕಪ್ಪುಬಿಳುಪಿನ ಕ್ಯಾಮೆರಾ ಕೂರಿಸಿತು. ಬಣ್ಣದ ಶೋಧಕವಿಲ್ಲದ ಸಂವೇದಕಕ್ಕೆ ಹೆಚ್ಚು ಬೆಳಕು ಸಿಗುತ್ತದೆ ಎಂಬುದು ಅದರ ಲಾಭ. ಅದೇ ವರ್ಷದ ಐಫೋನ್ 7 ಪ್ಲಸ್, 35 ಮಿ.ಮೀ. ಫಿಲ್ಮಿನ ಲೆಕ್ಕದಲ್ಲಿ 28 ಮತ್ತು 56 ಮಿ.ಮೀ.ಗೆ ಸಮನಾದ ವೈಡ್ ಮತ್ತು ಟೆಲಿಫೋಟೊ ಜೋಡಿಯನ್ನು ತಂದು, ಜೂಮ್ ಮತ್ತು ಆಳ ಎರಡನ್ನೂ ಒಂದೇ ಜೋಡಿಯ ಹೆಗಲಿಗೇರಿಸಿತು. 2017ರಲ್ಲಿ ಮಾರುಕಟ್ಟೆಗೆ ಬಂದ ಲೈಟ್ ಎಲ್16 ಎಂಬ ಕ್ಯಾಮೆರಾದಲ್ಲಿ ಮೂರು ಬಗೆಯ ಸಂಗಮದೂರದ (ಫೋಕಲ್ ಲೆಂತ್) ಹದಿನಾರು ಘಟಕಗಳಿದ್ದವು. 2019ರ ಹುವಾವೆ ಪಿ30 ಪ್ರೊ, ಪಟ್ಟಕದಿಂದ ಬೆಳಕನ್ನು ಮಡಿಚಿ ಐದು ಪಟ್ಟು ಟೆಲಿಫೋಟೊ ಮಸೂರವನ್ನು ಫೋನಿನ ದಪ್ಪದೊಳಗೆ ಅಡ್ಡಲಾಗಿ ಮಲಗಿಸಿತು. ಈ ಟಿಪ್ಪಣಿಯ ಲೆಕ್ಕಗಳಿಗೆ ಮಾದರಿ ವೈಡ್ ಮತ್ತು ಟೆಲಿಫೋಟೊ ಜೋಡಿ.

3. ಪಲ್ಲಟದ ಲೆಕ್ಕ

ಸೂತ್ರ ಚಿಕ್ಕದು. ಪಲ್ಲಟ = ಸಂಗಮದೂರ × ಆಧಾರರೇಖೆ ÷ ವಸ್ತುವಿನ ದೂರ. ಸಂಗಮದೂರ 4 ಮಿ.ಮೀ., ಪಿಕ್ಸೆಲಿನ ಅಗಲ 1.2 ಮೈಕ್ರಾನ್, ಎರಡು ಮಸೂರಗಳ ನಡುವಿನ ಅಂತರ 10 ಮಿ.ಮೀ. ಎಂದಿಟ್ಟುಕೊಳ್ಳೋಣ, ಇವು ಫೋನಿನ ಅಳತೆಗೆ ಹೊಂದುವ ಅಂಕಿಗಳು. ಟೆಲಿಫೋಟೊ ಚಿತ್ರವನ್ನು ವೈಡ್ ಚಿತ್ರದ ಅಳತೆಗೆ ಕುಗ್ಗಿಸಿ ಹೋಲಿಸಿದರೆ ಪಲ್ಲಟ ಹೀಗಿರುತ್ತದೆ:

ಅರ್ಧ ಮೀಟರ್ ದೂರಕ್ಕೆ 67 ಪಿಕ್ಸೆಲ್
1 ಮೀಟರಿಗೆ 33 ಪಿಕ್ಸೆಲ್
2 ಮೀಟರಿಗೆ 17 ಪಿಕ್ಸೆಲ್
5 ಮೀಟರಿಗೆ 6.7 ಪಿಕ್ಸೆಲ್
10 ಮೀಟರಿಗೆ 3.3 ಪಿಕ್ಸೆಲ್
50 ಮೀಟರಿಗೆ 0.7 ಪಿಕ್ಸೆಲ್

ದೂರ ಹೆಚ್ಚಿದಂತೆ ಪಲ್ಲಟ ಕುಗ್ಗುವುದು ವಿಲೋಮ ಪ್ರಮಾಣದಲ್ಲಿ. ತಪ್ಪು ಬೆಳೆಯುವುದು ದೂರದ ವರ್ಗಕ್ಕೆ ತಕ್ಕಂತೆ. ಎರಡು ಚಿತ್ರಗಳನ್ನು ತಾಳೆ ನೋಡುವಾಗ ಅರ್ಧ ಪಿಕ್ಸೆಲಿನಷ್ಟು ತಪ್ಪಿದರೆ, 1 ಮೀಟರಿನಲ್ಲಿ ಆಳದ ತಪ್ಪು 15 ಮಿ.ಮೀ. ಮಾತ್ರ. 2 ಮೀಟರಿನಲ್ಲಿ ಅದು 6 ಸೆಂ.ಮೀ., 5 ಮೀಟರಿನಲ್ಲಿ 37 ಸೆಂ.ಮೀ., 10 ಮೀಟರಿನಲ್ಲಿ ಒಂದೂವರೆ ಮೀಟರ್. ಎದುರಿಗೆ ಕುಳಿತವರ ಮುಖವನ್ನು ಗೋಡೆಯಿಂದ ಬಿಡಿಸಲು ಇಷ್ಟು ನಿಖರತೆ ಧಾರಾಳ. ಬೀದಿಯಾಚೆಯ ಮರ ಮುಂದಿದೆಯೋ ಅದರ ಹಿಂದಿನ ಮನೆ ಮುಂದಿದೆಯೋ ಎಂದು ಹೇಳಲು ಇದು ಸಾಲದು.

ಬಾಹ್ಯಾಕಾಶದ ಉದಾಹರಣೆಯನ್ನು ಪಕ್ಕದಲ್ಲಿಟ್ಟರೆ ಈ ಮಿತಿ ಇನ್ನೂ ಸ್ಪಷ್ಟವಾಗುತ್ತದೆ. 2005ರ ಮೇ 5ರಂದು ಕಕ್ಷೆ ಸೇರಿದ ಇಸ್ರೋದ ಕಾರ್ಟೋಸ್ಯಾಟ್-1 ಉಪಗ್ರಹದಲ್ಲಿ ಎರಡು ಕ್ಯಾಮೆರಾಗಳಿದ್ದವು. ಒಂದು 26 ಡಿಗ್ರಿ ಮುಂದಕ್ಕೆ ಬಾಗಿತ್ತು, ಇನ್ನೊಂದು 5 ಡಿಗ್ರಿ ಹಿಂದಕ್ಕೆ. 618 ಕಿ.ಮೀ. ಎತ್ತರದಿಂದ ಒಂದೇ ನೆಲವನ್ನು ಒಂದು ನಿಮಿಷಕ್ಕೂ ಕಡಿಮೆ ಅಂತರದಲ್ಲಿ ಅವು ಎರಡು ಬಾರಿ ನೋಡುತ್ತಿದ್ದವು. ಅಷ್ಟು ಹೊತ್ತಿನಲ್ಲಿ ಉಪಗ್ರಹ ಕ್ರಮಿಸಿದ ದೂರವೇ ಅದರ ಆಧಾರರೇಖೆ. ಆಧಾರರೇಖೆಗೂ ಎತ್ತರಕ್ಕೂ ಇರುವ ಅನುಪಾತ ಅಲ್ಲಿ ಸುಮಾರು 0.6. ಎರಡು ಮೀಟರ್ ದೂರದ ವ್ಯಕ್ತಿಯನ್ನು ನೋಡುವ ಫೋನಿನಲ್ಲಿ ಅದೇ ಅನುಪಾತ 0.005, ಅಂದರೆ ಉಪಗ್ರಹದ್ದರ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ದೇಶದ ಏರುತಗ್ಗುಗಳ ಅಂಕೀಯ ನಕ್ಷೆಯಾದ ಕಾರ್ಟೋಡೆಮ್ ಸಿದ್ಧವಾದದ್ದು ಆ ದೊಡ್ಡ ಅನುಪಾತದ ಬಲದಿಂದ. ಉಪಗ್ರಹಕ್ಕೆ ಇನ್ನೊಂದು ಅನುಕೂಲವೂ ಇತ್ತು: ಬೆಟ್ಟಗುಡ್ಡ ಅಲುಗಾಡುವುದಿಲ್ಲ. ಫೋನಿನ ಮುಂದೆ ನಿಂತ ಮಗು ಅಲುಗಾಡುತ್ತದೆ. ಆದ್ದರಿಂದ ಫೋನಿನ ಎರಡು ಕ್ಯಾಮೆರಾಗಳು ಒಂದೇ ಕ್ಷಣದಲ್ಲಿ ಚಿತ್ರ ತೆಗೆಯಬೇಕು.

2023ರಲ್ಲಿ ಚಂದ್ರನ ಮೇಲಿಳಿದ ಪ್ರಗ್ಯಾನ್ ರೋವರಿಗೂ ದಾರಿ ನೋಡುವ ಎರಡು ಕ್ಯಾಮೆರಾಗಳಿದ್ದವು (ನ್ಯಾವ್‌ಕ್ಯಾಮ್). ಅವುಗಳನ್ನು ರೂಪಿಸಿದ್ದು ಬೆಂಗಳೂರಿನಲ್ಲಿರುವ ಇಸ್ರೋದ ಎಲೆಕ್ಟ್ರೋ-ಆಪ್ಟಿಕ್ಸ್ ಪ್ರಯೋಗಾಲಯ. ಎಡ ಚಿತ್ರವನ್ನು ಕೆಂಪಿನಲ್ಲಿ, ಬಲ ಚಿತ್ರವನ್ನು ನೀಲಿ-ಹಸಿರಿನಲ್ಲಿಟ್ಟು ಇಸ್ರೋ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಚಿತ್ರವನ್ನು ಎರಡು ಬಣ್ಣದ ಕನ್ನಡಕವಿಲ್ಲದೆ ನೋಡಿದರೂ ಪಲ್ಲಟ ಬರಿಗಣ್ಣಿಗೆ ಕಾಣುತ್ತದೆ. ಹತ್ತಿರದ ವಸ್ತುಗಳ ಅಂಚಿನಲ್ಲಿ ಕೆಂಪು ಮತ್ತು ನೀಲಿ-ಹಸಿರು ಗೆರೆಗಳು ದೂರ ದೂರ ಸರಿದಿರುತ್ತವೆ. ದಿಗಂತದ ಕಡೆ ಹೋದಂತೆ ಹತ್ತಿರವಾಗುತ್ತವೆ.

4. ತಾಳೆ ನೋಡುವ ಕಷ್ಟ

ಸೂತ್ರಕ್ಕೆ ಬೇಕಾದ ಪಲ್ಲಟ ತಾನಾಗಿ ಸಿಗುವುದಿಲ್ಲ. ಒಂದು ಚಿತ್ರದ ಪ್ರತಿ ಚುಕ್ಕೆಗೂ ಇನ್ನೊಂದರಲ್ಲಿ ಜೋಡಿ ಹುಡುಕಬೇಕು. ಎರಡು ಕ್ಯಾಮೆರಾಗಳ ಓರೆಕೋರೆಗಳನ್ನು ಮೊದಲು ಸರಿಪಡಿಸಿಕೊಂಡರೆ ಈ ಹುಡುಕಾಟ ಇಡೀ ಚಿತ್ರದ ಬದಲು ಒಂದೇ ಗೆರೆಯುದ್ದಕ್ಕೆ ಸೀಮಿತವಾಗುತ್ತದೆ. ಅದಕ್ಕಾಗಿ ಕಾರ್ಖಾನೆಯಲ್ಲೇ ಪ್ರತಿ ಫೋನಿಗೂ ಗೊತ್ತಾದ ವಿನ್ಯಾಸದ ಹಲಗೆ ತೋರಿಸಿ, ಎರಡು ಕ್ಯಾಮೆರಾಗಳ ಸಂಬಂಧವನ್ನು ಅಳೆದು ಫೋನಿನಲ್ಲೇ ದಾಖಲಿಸುತ್ತಾರೆ. ಚದುರಂಗದ ಮನೆಗಳಂಥ ಸಮತಲ ವಿನ್ಯಾಸವೊಂದರಿಂದಲೇ ಈ ಅಳತೆ ಸಾಧ್ಯ ಎಂದು ಚೆಂಗ್‌ಯೂ ಚಾಂಗ್ 2000ದಲ್ಲಿ ಪ್ರಕಟಿಸಿದ ವಿಧಾನ ಈ ಕ್ಷೇತ್ರದಲ್ಲಿ ಇಂದಿಗೂ ಪಾಠದಂತಿದೆ.

ಈ ಅಳತೆ ಎಷ್ಟು ನಾಜೂಕಿನದು ಎಂದರೆ, ಎರಡರಲ್ಲಿ ಒಂದು ಕ್ಯಾಮೆರಾ ಒಂದು ಡಿಗ್ರಿಯ ನೂರನೇ ಒಂದು ಭಾಗ ಹೊರಳಿದರೂ ಮೇಲಿನ ಅಂಕಿಗಳ ಪ್ರಕಾರ 0.6 ಪಿಕ್ಸೆಲಿನಷ್ಟು ಸುಳ್ಳು ಪಲ್ಲಟ ಹುಟ್ಟುತ್ತದೆ. 10 ಮೀಟರಿನಲ್ಲಿ ಅದರ ಬೆಲೆ ಒಂದೂಮುಕ್ಕಾಲು ಮೀಟರ್. ಫೋನು ಕೈಜಾರಿ ಬೀಳುತ್ತದೆ, ಬಿಸಿಯಾಗುತ್ತದೆ. ಫೋಕಸ್ ಮಾಡುವಾಗ ಮಸೂರ ಮುಂದೆ ಹಿಂದೆ ಸರಿಯುತ್ತದೆ. ಕೈನಡುಕ ತಡೆಯುವ ವ್ಯವಸ್ಥೆ ಮಸೂರವನ್ನು ಅತ್ತಿತ್ತ ಆಡಿಸುತ್ತದೆ. ಆದ್ದರಿಂದ ಕಾರ್ಖಾನೆಯ ಅಳತೆಯನ್ನೇ ನಂಬಿ ಕೂರುವಂತಿಲ್ಲ. ಪ್ರತಿ ಚಿತ್ರದಲ್ಲೂ ಸ್ಪಷ್ಟ ಗುರುತುಗಳನ್ನು ಹಿಡಿದು ಅಳತೆಯನ್ನು ಮತ್ತೆ ತಿದ್ದಿಕೊಳ್ಳಬೇಕಾಗುತ್ತದೆ.

ಜೋಡಿ ಹುಡುಕಾಟ ಸೋಲುವ ಜಾಗಗಳೂ ಗೊತ್ತಿರುವಂಥವೇ. ಸುಣ್ಣ ಬಳಿದ ಬೋಳು ಗೋಡೆಯಲ್ಲಿ ಹಿಡಿಯಲು ಗುರುತಿಲ್ಲ. ಕಿಟಕಿಯ ಸರಳುಗಳಲ್ಲಿ ಒಂದರಂತೆ ಇನ್ನೊಂದಿರುವುದರಿಂದ ಯಾವುದಕ್ಕೆ ಯಾವುದು ಜೋಡಿ ಎಂಬ ಗೊಂದಲ. ಆಧಾರರೇಖೆಗೆ ಸಮಾಂತರವಾಗಿ ಓಡುವ ಗೆರೆ ಸರಿದರೂ ಸರಿದದ್ದು ಕಾಣುವುದಿಲ್ಲ. ಜರ್ಮನಿಯ ಹೈಕೋ ಹಿರ್ಷ್‌ಮ್ಯುಲರ್ ರೂಪಿಸಿದ ಸೆಮಿ-ಗ್ಲೋಬಲ್ ಮ್ಯಾಚಿಂಗ್ ವಿಧಾನ, ಒಂದು ಚುಕ್ಕೆಯ ತೀರ್ಮಾನಕ್ಕೆ ಸುತ್ತಲಿನ ಹಲವು ದಿಕ್ಕುಗಳ ಸಾಕ್ಷ್ಯವನ್ನು ಕೂಡಿಸಿಕೊಂಡು ಇಂಥ ಕಡೆ ನೆರವಾಗುತ್ತದೆ. ಗೂಗಲ್ ಹಿಡಿದದ್ದು ಇನ್ನೊಂದು ದಾರಿ. 2017ರ ಪಿಕ್ಸೆಲ್ 2 ಒಂದೇ ಕ್ಯಾಮೆರಾದ ಪ್ರತಿ ಪಿಕ್ಸೆಲನ್ನು ಎರಡಾಗಿ ಸೀಳಿ, ಮಸೂರದ ಎಡ ಮತ್ತು ಬಲ ಭಾಗಗಳಿಂದ ಬರುವ ನೋಟಗಳನ್ನು ಹೋಲಿಸುತ್ತಿತ್ತು. ಅಲ್ಲಿ ಆಧಾರರೇಖೆ ಒಂದು ಮಿ.ಮೀ.ಗಿಂತ ಕಡಿಮೆ. 2019ರ ಪಿಕ್ಸೆಲ್ 4 ಇದರ ಜೊತೆಗೆ 13 ಮಿ.ಮೀ. ಅಂತರದ ಎರಡನೆಯ ಕ್ಯಾಮೆರಾವನ್ನೂ ಬಳಸಿತು. ಈ ಎರಡು ಆಧಾರರೇಖೆಗಳು ಒಂದಕ್ಕೊಂದು ಲಂಬ. ಒಂದಕ್ಕೆ ಕಾಣದ ಗೆರೆ ಇನ್ನೊಂದಕ್ಕೆ ಕಾಣುತ್ತದೆ.

5. ಮರೆಯಾದ ಪಟ್ಟಿ

ಎಲ್ಲ ಅಳತೆಯೂ ಕರಾರುವಾಕ್ಕಾಗಿದ್ದರೂ ಉಳಿಯುವ ಸಮಸ್ಯೆ ಒಂದಿದೆ. ಮುಂದಿನ ವಸ್ತುವಿನ ಅಂಚಿನ ಪಕ್ಕದ ಹಿನ್ನೆಲೆ ಒಂದು ಕ್ಯಾಮೆರಾಕ್ಕೆ ಕಂಡು ಇನ್ನೊಂದಕ್ಕೆ ಮರೆಯಾಗಿರುತ್ತದೆ. ವ್ಯಕ್ತಿ 1 ಮೀಟರ್ ದೂರದಲ್ಲಿ, ಹಿಂದಿನ ಗೋಡೆ 5 ಮೀಟರ್ ದೂರದಲ್ಲಿ ಇದ್ದರೆ ಈ ಮರೆಯ ಪಟ್ಟಿಯ ಅಗಲ ಎರಡು ಪಲ್ಲಟಗಳ ವ್ಯತ್ಯಾಸದಷ್ಟು, ಅಂದರೆ ಸುಮಾರು 27 ಪಿಕ್ಸೆಲ್. ಈ ಪಟ್ಟಿಯೊಳಗಿನ ಚುಕ್ಕೆಗಳಿಗೆ ಜೋಡಿಯೇ ಇಲ್ಲ. ಜೋಡಿ ಇಲ್ಲದ ಮೇಲೆ ಪಲ್ಲಟವಿಲ್ಲ, ಆಳವೂ ಇಲ್ಲ. ಅಲ್ಲಿ ಫೋನು ತುಂಬುವುದೆಲ್ಲ ಅಕ್ಕಪಕ್ಕ ನೋಡಿ ಮಾಡಿದ ಊಹೆ.

ಮಲ್ಲಿಗೆ ಮುಡಿದ ಹೆಣ್ಣುಮಗಳ ಪೋರ್ಟ್ರೇಟ್ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ ದಂಡೆಯ ಅಂಚನ್ನು ನೋಡಿ. 5 ಮಿ.ಮೀ. ದಪ್ಪದ ಮೊಗ್ಗು 1 ಮೀಟರ್ ದೂರದಲ್ಲಿ ಸುಮಾರು 17 ಪಿಕ್ಸೆಲ್ ಅಗಲ ಕಾಣುತ್ತದೆ. ಮರೆಯ ಪಟ್ಟಿ ಅದಕ್ಕಿಂತ ಅಗಲ. ಆದ್ದರಿಂದ ಹೊರಸಾಲಿನ ಒಂದು ಮೊಗ್ಗು ಚೂಪಾಗಿ ಉಳಿದು, ಅದರ ಪಕ್ಕದ್ದು ಗೋಡೆಯೊಡನೆ ಕರಗಿಹೋಗುವುದುಂಟು. ಎರಡು ಮೊಗ್ಗುಗಳ ಸಂದಿನಲ್ಲಿ ಇಣುಕುವ ಹಿನ್ನೆಲೆ ಮಸುಕಾಗದೆ, ಹೂವಿನದೇ ಭಾಗವೆಂಬಂತೆ ಸ್ಪಷ್ಟವಾಗಿ ಉಳಿಯುವುದೂ ಉಂಟು. ಕೂದಲೆಳೆಯ ಕಷ್ಟ ಇನ್ನೂ ದೊಡ್ಡದು. 0.07 ಮಿ.ಮೀ. ದಪ್ಪದ ಎಳೆ ಅದೇ ದೂರದಲ್ಲಿ ಕಾಲು ಪಿಕ್ಸೆಲಿಗಿಂತ ತೆಳು. ಅದರ ಬಣ್ಣ ಹಿನ್ನೆಲೆಯ ಬಣ್ಣದೊಡನೆ ಒಂದೇ ಪಿಕ್ಸೆಲಿನಲ್ಲಿ ಬೆರೆತಿರುತ್ತದೆ. ಆ ಪಿಕ್ಸೆಲಿಗೆ ಒಂದೇ ಆಳ ಕೊಡುವುದೇ ತಪ್ಪು. ಕನ್ನಡಕದ ಗಾಜಿನಂಚು, ಕೈಯಲ್ಲಿ ಹಿಡಿದ ಗಾಜಿನ ಲೋಟ ಇವೂ ಇದೇ ಗುಂಪಿಗೆ ಸೇರುತ್ತವೆ.

ಈ ಟಿಪ್ಪಣಿಯ ಮುಖ್ಯ ಗಮನಿಕೆ ಇಲ್ಲಿದೆ. ನೋಡುವವರ ಕಣ್ಣು ಚಿತ್ರದಲ್ಲಿ ಮೊದಲು ಹಿಡಿಯುವುದು ಅಂಚನ್ನು. ಅಳತೆಯ ಸಾಕ್ಷ್ಯ ಅತ್ಯಂತ ಕಡಿಮೆ ಇರುವುದೂ ಅಂಚಿನಲ್ಲೇ. ಆಧಾರರೇಖೆಯನ್ನು ಹಿಗ್ಗಿಸಿದರೆ ದೂರದ ಆಳ ನಿಖರವಾಗುತ್ತದೆ. ಜೊತೆಗೇ ಮರೆಯ ಪಟ್ಟಿಯೂ ಅಷ್ಟೇ ಪ್ರಮಾಣದಲ್ಲಿ ಅಗಲವಾಗುತ್ತದೆ. ಎರಡೇ ನೋಟಗಳಿರುವ ತನಕ ಈ ಕೊಡು-ಕೊಳ್ಳುವಿಕೆಯಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ.

6. ಜೂಮಿನಲ್ಲಿ ಅದೇ ಪಲ್ಲಟ

12 ಮೆಗಾಪಿಕ್ಸೆಲಿನ ವೈಡ್ ಚಿತ್ರವನ್ನು ಕತ್ತರಿಸಿ ಎರಡು ಪಟ್ಟು ಹಿಗ್ಗಿಸಿದರೆ ನಿಜವಾಗಿ ಉಳಿಯುವುದು 3 ಮೆಗಾಪಿಕ್ಸೆಲ್. ಟೆಲಿಫೋಟೊ ಇರುವುದು ಈ ನಷ್ಟ ತುಂಬಲು. ಅದು ಎರಡು ಪಟ್ಟು ಮುಟ್ಟಿದ ಮೇಲೆ ಮಾತ್ರ ಇಡೀ ಚೌಕಟ್ಟನ್ನು ತುಂಬುತ್ತದೆ. ಬಳಕೆದಾರರು 1.8 ಪಟ್ಟಿನಲ್ಲಿ ನಿಂತರೆ ಟೆಲಿಫೋಟೊ ಚಿತ್ರ ಚೌಕಟ್ಟಿನ ನಡುವಿನ ಶೇ. 81 ಭಾಗವನ್ನಷ್ಟೇ ಆವರಿಸುತ್ತದೆ. ಸುತ್ತಲಿನ ಅಂಚನ್ನು ವೈಡ್ ಚಿತ್ರದಿಂದ ತುಂಬಬೇಕು. ಐದು ಪಟ್ಟಿನ ಟೆಲಿಫೋಟೊ ಇರುವ ಫೋನಿನಲ್ಲಿ ನಾಲ್ಕು ಪಟ್ಟಿಗೆ ನಿಂತರೆ ನಡುವಿನ ಪಾಲು ಶೇ. 64. ಹೀಗೆ ಕೂಡಿಸಿದ ಚಿತ್ರದಲ್ಲಿ ಅಂಗಡಿಸಾಲಿನ ನಡುವಿನ ಬೋರ್ಡಿನ ಒತ್ತಕ್ಷರಗಳು ಬಿಡಿಬಿಡಿಯಾಗಿ ಓದಲು ಸಿಗುತ್ತವೆ. ಅಂಚಿನ ಬೋರ್ಡಿನಲ್ಲಿ ಅದೇ ಗಾತ್ರದ ಒತ್ತಕ್ಷರ ಮೇಲಿನ ಅಕ್ಷರಕ್ಕೆ ಅಂಟಿಕೊಂಡಿರುತ್ತದೆ.

ಎರಡನ್ನೂ ಹೊಂದಿಸುವಾಗ ಪಲ್ಲಟ ಅಡ್ಡ ಬರುತ್ತದೆ. ಟೆಲಿಫೋಟೊ ಚಿತ್ರವನ್ನು ಒಟ್ಟಾಗಿ ಸರಿಸಿ ಮುಂದಿನ ವ್ಯಕ್ತಿಯನ್ನು ಹೊಂದಿಸಿದರೆ ಹಿನ್ನೆಲೆ ತಪ್ಪುತ್ತದೆ, ಹಿನ್ನೆಲೆಯನ್ನು ಹೊಂದಿಸಿದರೆ ವ್ಯಕ್ತಿ ತಪ್ಪುತ್ತಾನೆ. ಎರಡೂ ಹೊಂದಬೇಕಾದರೆ ಪ್ರತಿ ಚುಕ್ಕೆಯ ಪಲ್ಲಟ ಗೊತ್ತಿರಬೇಕು. ಅಂದರೆ ಒಳ್ಳೆಯ ಜೂಮಿಗೆ ಮೊದಲು ಆಳದ ಲೆಕ್ಕ ಆಗಬೇಕು. ಆ ಲೆಕ್ಕ ಸೋಲುವ ಅಂಚುಗಳಲ್ಲಿ ಜೂಮೂ ಸೋಲುತ್ತದೆ. ವಿಡಿಯೊ ತೆಗೆಯುತ್ತ ನಿಧಾನವಾಗಿ ಜೂಮ್ ಮಾಡಿದರೆ ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ದಾಟುವ ಕ್ಷಣದಲ್ಲಿ ಚಿತ್ರ ಸಣ್ಣಗೆ ನೆಗೆಯುವುದು ಇದೇ ಕಾರಣಕ್ಕೆ. ಫೋಕಸಿನಲ್ಲಿರುವ ವಸ್ತು ಕದಲದಂತೆ ನೋಡಿಕೊಂಡು ನೆಗೆತವನ್ನು ಹಿನ್ನೆಲೆಗೆ ತಳ್ಳುವುದು ಒಂದು ಉಪಾಯ.

ಕತ್ತಲಲ್ಲಿ ಮತ್ತು ತೀರ ಹತ್ತಿರದಲ್ಲಿ ಫೋನುಗಳು ಟೆಲಿಫೋಟೊವನ್ನು ಕೈಬಿಡುವುದೂ ಉಂಟು. ಐಫೋನ್ 7 ಪ್ಲಸ್‌ನಲ್ಲಿ ವೈಡ್ ಮಸೂರದ ದ್ವಾರ ಎಫ್/1.8, ಟೆಲಿಫೋಟೊದ್ದು ಎಫ್/2.8, ಎರಡನೆಯದಕ್ಕೆ ಕೈನಡುಕ ತಡೆಯುವ ವ್ಯವಸ್ಥೆಯೂ ಇರಲಿಲ್ಲ. ಹಾಗಾಗಿ ಮಬ್ಬು ಬೆಳಕಿನಲ್ಲಿ ಪರದೆ ಎರಡು ಪಟ್ಟು ಎಂದು ತೋರಿಸುತ್ತಿದ್ದರೂ ಅದು ಕೊಡುತ್ತಿದ್ದದ್ದು ವೈಡ್ ಚಿತ್ರದ ತುಣುಕು. ಇಂಥ ಜೋಡಿ ಇರುವ ಫೋನಿನಲ್ಲಿ ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು: ಮಬ್ಬು ಕೋಣೆಯಲ್ಲಿ ಎರಡು ಪಟ್ಟು ಜೂಮ್ ಮಾಡಿ, ಟೆಲಿಫೋಟೊ ಮಸೂರವನ್ನು ಬೆರಳಿನಿಂದ ಮುಚ್ಚಬೇಕು. ಪರದೆ ಕಪ್ಪಾಗದಿದ್ದರೆ ಆ ಚಿತ್ರ ಟೆಲಿಫೋಟೊದ್ದಲ್ಲ.

ಎರಡನೆಯ ಕ್ಯಾಮೆರಾ ಇಲ್ಲದೆಯೂ ಜೂಮನ್ನು ಸುಧಾರಿಸಬಹುದೆಂದು 2018ರ ಪಿಕ್ಸೆಲ್ 3 ತೋರಿಸಿತು. ಅದು ಒಂದೇ ಕ್ಯಾಮೆರಾದಿಂದ ಸಾಲಾಗಿ ಹಲವು ಚಿತ್ರ ತೆಗೆಯುತ್ತದೆ. ಕೈಯ ಸಹಜ ನಡುಕದಿಂದ ಅವು ಪಿಕ್ಸೆಲಿನ ಭಾಗದಷ್ಟು ಅತ್ತಿತ್ತ ಸರಿದಿರುತ್ತವೆ. ಸಾಮಾನ್ಯ ಸಂವೇದಕದ ಪ್ರತಿ ಪಿಕ್ಸೆಲ್ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ. ಸರಿದ ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿದಾಗ ಬಿಟ್ಟುಹೋದ ಬಣ್ಣಗಳೂ ವಿವರಗಳೂ ನಿಜವಾದ ಅಳತೆಯಿಂದಲೇ ತುಂಬುತ್ತವೆ. ಕೈ ಸರಿಯುವುದು ಅತ್ಯಲ್ಪವಾದ್ದರಿಂದ ಮರೆಯ ಪಟ್ಟಿಯ ತೊಂದರೆ ಇಲ್ಲಿ ನಗಣ್ಯ. ಆದರೆ ಆಳವೂ ಅಷ್ಟಾಗಿ ಸಿಗುವುದಿಲ್ಲ. ಜೂಮಿಗೆ ಬೇಕಾದದ್ದೂ ಆಳಕ್ಕೆ ಬೇಕಾದದ್ದೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ನಿದರ್ಶನ ಬೇಕಿಲ್ಲ.

7. ಶಾಸನದ ಕಲ್ಲಿನ ಮುಂದೆ

ಈ ಲೆಕ್ಕಗಳು ಕರ್ನಾಟಕದ ಕ್ಷೇತ್ರಕಾರ್ಯಕ್ಕೆ ನೇರವಾಗಿ ಸಂಬಂಧಿಸುತ್ತವೆ. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಹಿಂದೆ ನಿಂತ ಶಾಸನಗಳನ್ನೂ ವೀರಗಲ್ಲುಗಳನ್ನೂ ಇಂದು ಮೊದಲು ದಾಖಲಿಸುವುದು ಬಹುಪಾಲು ಯಾರದೋ ಕೈಯಲ್ಲಿರುವ ಫೋನು. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳ ಮೂರು ಆಯಾಮದ ಸಂರಕ್ಷಣೆಯ ಯೋಜನೆಯಲ್ಲಿ ಅದಕ್ಕೆಂದೇ ಇರುವ ಸ್ಕ್ಯಾನರ್ ಬಳಸುತ್ತದೆ. ಎಲ್ಲ ಊರಿನ ಆಸಕ್ತರಿಗೂ ಆ ಸಲಕರಣೆ ಎಟುಕುವುದಿಲ್ಲ. ಹಾಗಾದರೆ ಫೋನಿನ ಆಳದ ನಕ್ಷೆಯಿಂದ ಅಕ್ಷರ ಓದಬಹುದೇ?

ಒಂದು ಸೆಂ.ಮೀ. ಆಧಾರರೇಖೆಯಿಂದ ಓದಲಾಗದು. ಕಲ್ಲು ಅರ್ಧ ಮೀಟರ್ ದೂರದಲ್ಲಿದ್ದರೆ ಅರ್ಧ ಪಿಕ್ಸೆಲಿನ ತಪ್ಪಿಗೆ ಆಳದ ತಪ್ಪು ಸುಮಾರು 3.7 ಮಿ.ಮೀ. ಸವೆದ ಅಕ್ಷರದ ಗೀರು ಎರಡು ಮಿ.ಮೀ. ಆಳವಿದ್ದರೆ ಅದು ತಪ್ಪಿನೊಳಗೇ ಮುಳುಗಿಹೋಗುತ್ತದೆ. ಅದೇ ಫೋನನ್ನು ಹತ್ತು ಸೆಂ.ಮೀ. ಪಕ್ಕಕ್ಕೆ ಸರಿಸಿ ಎರಡನೆಯ ಚಿತ್ರ ತೆಗೆದರೆ ಆಧಾರರೇಖೆ ಹತ್ತು ಪಟ್ಟಾಗಿ, ತಪ್ಪು 0.4 ಮಿ.ಮೀ.ಗಿಂತ ಕೆಳಗಿಳಿಯುತ್ತದೆ. ಕಲ್ಲು ಅಲುಗುವುದಿಲ್ಲವಾದ್ದರಿಂದ ಎರಡು ಚಿತ್ರಗಳನ್ನು ಒಂದೇ ಕ್ಷಣದಲ್ಲಿ ತೆಗೆಯಬೇಕಾದ ನಿರ್ಬಂಧವೂ ಇಲ್ಲ. ಇನ್ನಷ್ಟು ಜಾಗಗಳಿಂದ ಚಿತ್ರ ತೆಗೆದಷ್ಟೂ ಮರೆಯ ಪಟ್ಟಿಗಳು ಒಂದರಲ್ಲಿ ತಪ್ಪಿದರೆ ಇನ್ನೊಂದರಲ್ಲಿ ತೆರೆದುಕೊಳ್ಳುತ್ತವೆ. ಒಂದು ಕ್ಯಾಮೆರಾವನ್ನು ನಡೆಸಿ ತೆಗೆದ ಹತ್ತಾರು ಚಿತ್ರಗಳು, ಒಂದೇ ಕಡೆ ನಿಂತು ತೆಗೆದ ಪೋರ್ಟ್ರೇಟ್ ಚಿತ್ರಕ್ಕಿಂತ ಎಷ್ಟೋ ಪಾಲು ಮೇಲು.

ಜೂಮಿನ ಬಗ್ಗೆ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಈಚಿನ ಫೋನುಗಳಲ್ಲಿ ಯಂತ್ರಕಲಿಕೆಯ ಮಾದರಿಗಳು ಹಿಗ್ಗಿಸಿದ ಚಿತ್ರದ ವಿವರಗಳನ್ನು ಚೂಪು ಮಾಡುತ್ತವೆ. ಮುಖ, ಎಲೆ, ಇಟ್ಟಿಗೆಗಳಲ್ಲಿ ಇದರಿಂದ ಕೆಡುವುದೇನೂ ಇಲ್ಲದಿರಬಹುದು. ಸವೆದ ಹಳಗನ್ನಡ ಅಕ್ಷರದಲ್ಲಿ ಒಂದು ಗೀರು ಹೆಚ್ಚಾದರೆ ಅಕ್ಷರವೇ ಬೇರೆಯಾಗುತ್ತದೆ, ಹೆಸರು ಬದಲಾಗುತ್ತದೆ, ಕಾಲನಿರ್ಣಯವೂ ತಪ್ಪಬಹುದು. ಪಡಿಯಚ್ಚು ತೆಗೆಯುವವರು ಕಾಗದದ ಮೇಲೆ ಕಲ್ಲಿನಲ್ಲಿಲ್ಲದ ಗೆರೆ ಬೀಳದಂತೆ ಪಡುವ ಜಾಗ್ರತೆಯನ್ನು ನಾವು ಫೋನಿನ ಚಿತ್ರಕ್ಕೂ ಕೊಡಬೇಕು.

8. ತೀರ್ಮಾನ ಮತ್ತು ಸೂಚನೆಗಳು

ಜೋಡಿ ಕ್ಯಾಮೆರಾಗಳ ಒಂದು ಸೆಂಟಿಮೀಟರಿನ ಅಂತರ ಒಂದು ರಾಜಿ. ಹತ್ತಿರದ ಮನುಷ್ಯರ ಆಳಕ್ಕೆ ಅದು ಸಾಕು, ದೂರದ ಆಳಕ್ಕೆ ಸಾಲದು. ಜೂಮಿಗೆ ಅದೂ ಹೆಚ್ಚೇ. ಕೂಡಿಸಿದ ಚಿತ್ರದಲ್ಲಿ ವಸ್ತುಗಳ ಒಳಭಾಗ ಬಹುಮಟ್ಟಿಗೆ ಅಳತೆ, ಅವುಗಳ ಅಂಚು ಬಹುಮಟ್ಟಿಗೆ ಊಹೆ. ಮನೆಯ ಆಲ್ಬಮಿಗೆ ಈ ಭೇದ ಮುಖ್ಯವಲ್ಲ. ಅಧ್ಯಯನದ ದಾಖಲೆಗೆ ಅದು ಬಹಳ ಮುಖ್ಯ.

ಆದ್ದರಿಂದ ಫೋನಿನಿಂದ ದಾಖಲಿಸುವವರಿಗೆ ನಾಲ್ಕು ಸೂಚನೆಗಳು. ಒಂದು, ಪೋರ್ಟ್ರೇಟ್ ಮೋಡ್ ಬೇಡ; ಹಿನ್ನೆಲೆಯ ಜೊತೆ ಕಲ್ಲಿನ ಅಂಚೂ ಮಸುಕಾಗುವ ಅಪಾಯವಿದೆ. ಎರಡು, ಜೂಮ್ ಮಾಡುವ ಬದಲು ಹತ್ತಿರ ಹೋಗಬೇಕು. ಹೋಗಲಾಗದಿದ್ದರೆ ಎರಡು ಪಟ್ಟು, ಐದು ಪಟ್ಟು ಎಂದು ಟೆಲಿಫೋಟೊದ ಸಹಜ ಅಳತೆಯಲ್ಲೇ ನಿಲ್ಲಿಸಬೇಕು. ನಡುವಿನ ಅಳತೆಗಳಲ್ಲಿ ಎರಡು ಚಿತ್ರಗಳು ಬೆರೆಯಬಹುದು. ಮೂರು, ಓರೆ ಬೆಳಕಿನಲ್ಲಿ, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು, ಹತ್ತು ಸೆಂ.ಮೀ. ಸರಿಯುತ್ತ ಒಂದರ ಮೇಲೊಂದು ಹಾಯುವಂತೆ ಸಾಲು ಚಿತ್ರ ತೆಗೆಯಬೇಕು. ನಾಲ್ಕು, ಫೋನು ಅವಕಾಶ ಕೊಟ್ಟರೆ ಸಂಸ್ಕರಿಸದ ರಾ ಕಡತವನ್ನೇ ಉಳಿಸಬೇಕು; ಯಾವ ಕ್ಯಾಮೆರಾ, ಎಷ್ಟು ಜೂಮ್ ಎಂಬ ವಿವರವನ್ನು ಕಡತದಿಂದ ಅಳಿಸಬಾರದು.

ಫೋನು ತಯಾರಕರಿಂದಲೂ ಒಂದು ಸೌಲಭ್ಯವನ್ನು ಕೇಳಬೇಕಾಗಿದೆ. ಆಳದ ನಕ್ಷೆ ಕೊಡುವಾಗ ಯಾವ ಚುಕ್ಕೆಗೆ ಜೋಡಿ ಸಿಕ್ಕಿತು, ಯಾವುದನ್ನು ಊಹೆಯಿಂದ ತುಂಬಲಾಯಿತು ಎಂಬ ಗುರುತನ್ನೂ ಅದರೊಡನೆ ಕೊಡಬೇಕು. ಪಲ್ಲಟದ ಲೆಕ್ಕ ಮಾಡುವ ತಂತ್ರಾಂಶಕ್ಕೆ ಈ ಸಂಗತಿ ಆ ಹೊತ್ತಿನಲ್ಲಿ ಗೊತ್ತಿರುತ್ತದೆ. ಅದನ್ನು ಎಸೆಯದೆ ಉಳಿಸಿದರೆ ಸಾಕು. ಆಗ ಸವೆದ ಅಕ್ಷರವೊಂದನ್ನು ಓದಲು ಕುಳಿತವರು ಕಲ್ಲಿನಿಂದ ಬಂದ ಗೆರೆ ಯಾವುದು, ಯಂತ್ರ ತುಂಬಿದ ಗೆರೆ ಯಾವುದು ಎಂದು ಬೇರ್ಪಡಿಸಿ ವಾದಿಸಬಲ್ಲರು.